ಟ್ರಕ್ ಕುಣಿತಿದ್ರೆ ಮೊದ್ಲು ಆಯಿಲ್ ಬಾಟಲಿಗೆ ಕೈ ಹಾಕ್ಬೇಡಿ: ಆರ್‌ಸಿ ಸಸ್ಪೆನ್ಶನ್ ತೊಂದರೆ ಹುಡುಕೋದು ಹೇಗೆ

ನನ್ನ 1/10 ಆರ್‌ಸಿ ಟ್ರಕ್‌ಗೆ (ರಿಮೋಟ್‌ನಲ್ಲಿ ಓಡೋದು, ನಿಜವಾದ ಗಾಡಿಯ ಹತ್ತನೇ ಒಂದು ಭಾಗ ಸೈಜ್) ಒಂದು ಕಾಲದಲ್ಲಿ ವಿಚಿತ್ರ ಕಾಯಿಲೆ ಇತ್ತು. ಪ್ರತಿ ಜಂಪ್ ಆದ್ಮೇಲೂ ಮೂರು ಚಕ್ರ ಸರಿಯಾಗಿ ಎದ್ದು ನಿಲ್ತಿತ್ತು, ಮುಂದಿನ ಬಲಗಡೆದು ಮಾತ್ರ ಮುನಿಸ್ಕೊಂಡ ಮಗು ಥರ ಕೆಳಗೇ ಕೂತಿರ್ತಿತ್ತು. ಕೈಯಲ್ಲಿ ಒಂದ್ಸಲ ಎತ್ತಿ ಬಿಟ್ರೆ ಸರಿ, ಮತ್ತೆ ಜಂಪ್ ಮಾಡಿದ್ರೆ ಅದೇ ಕಥೆ. ಶಾಕ್ (ಚಕ್ರದ ಕುಣಿತ ತಡೆಯೋ, ಆಯಿಲ್ ತುಂಬಿದ ಕೊಳವೆ) ಒಳಗಿನ ಆಯಿಲ್ ಗಟ್ಟಿ ಆಯ್ತೇನೋ ಅಂದ್ಕೊಂಡು 30 ವೇಟ್ (ಆಯಿಲ್ ಎಷ್ಟು ಮಂದ ಅನ್ನೋ ನಂಬರ್) ತೆಗೆದು 25 ಹಾಕ್ದೆ, ಆಗ್ಲಿಲ್ಲ, 20ಕ್ಕೆ ಇಳಿಸ್ದೆ, ಆಮೇಲೆ ಆ ಒಂದು ಮೂಲೆಗೆ ಮಾತ್ರ ಎಕ್ಸ್‌ಟ್ರಾ ಪ್ರೀಲೋಡ್ ಕೊಟ್ಟೆ, ಅಂದ್ರೆ ಶಾಕ್ ಮೇಲಿನ ಕಾಲರ್ ತಿರುಗ್ಸಿ ಸ್ಪ್ರಿಂಗ್‌ನ ಮೊದ್ಲೇ ಸ್ವಲ್ಪ ಒತ್ತಿಟ್ಟೆ. ಅಷ್ಟೊತ್ತಿಗೆ ಟ್ರಕ್ ಓಡೋದಕ್ಕಿಂತ ಕುಣಿಯೋದೇ ಜಾಸ್ತಿ ಆಗಿತ್ತು. ಕೊನೆಗೆ ಬೇಜಾರಾಗಿ ಇಡೀ ಮುಂಭಾಗ ಬಿಚ್ಚಿದಾಗ ಗೊತ್ತಾಯ್ತು, ಕೆಳಗಿನ ಆರ್ಮ್‌ನ (ಚಕ್ರನ ಗಾಡಿಗೆ ಸೇರಿಸೋ ತೋಳು) ಹಿಂಜ್ ಪಿನ್, ಅಂದ್ರೆ ಆರ್ಮ್ ಮೇಲೆ ಕೆಳಗೆ ಆಡೋಕೆ ಇರೋ ಕಡ್ಡಿ, ಬಗ್ಗಿತ್ತು. ಕಣ್ಣಿಗೆ ಕಾಣೋ ಅಷ್ಟೇನೂ ಅಲ್ಲ, ಗಾಜಿನ ಮೇಲಿಟ್ಟು ಬೆರಳಲ್ಲಿ ಉರುಳಿಸಿದ್ರೆ ಮಾತ್ರ ಮಧ್ಯದಲ್ಲಿ ಕೂದಲೆಳೆಯಷ್ಟು ಬೆಳಕು ಬಂದು ಹೋಗ್ತಿತ್ತು. ಅಷ್ಟಕ್ಕೆ ನಾಲ್ಕೂ ಶಾಕ್ ಎರಡೆರಡು ಸಲ ಬಿಚ್ಚಿದ್ದೆ ನಾನು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಅಂತಾರಲ್ಲ, ಇಲ್ಲಿ ನಿಜವಾಗ್ಲೂ ನೆಲನೇ ಡೊಂಕಿತ್ತು, ನಾನು ಬೈದಿದ್ದು ಶಾಕ್‌ಗೆ.

ಸಸ್ಪೆನ್ಶನ್ ಅಂದ್ರೆ ಅಲ್ಲಿ ಮೂರು ಶಕ್ತಿ ಕೆಲಸ ಮಾಡ್ತಿರತ್ತೆ. ಸ್ಪ್ರಿಂಗ್ ಗಾಡಿ ತೂಕ ಹೊರತ್ತೆ, ಚಕ್ರ ಎಷ್ಟು ಒಳಗೆ ಹೋಗಿದೆ ಅನ್ನೋದರ ಮೇಲೆ ಅದರ ತಳ್ಳೋ ಬಲ. ಆಯಿಲ್ ತೂಕ ಹೊರಲ್ಲ, ಬರೀ ವೇಗಕ್ಕೆ ಅಡ್ಡ ಬರತ್ತೆ, ಅಂದ್ರೆ ಚಕ್ರ ಓಡಾಡ್ತಿದ್ದಾಗ ಮಾತ್ರ ಅದಕ್ಕೆ ಕೆಲಸ, ನಿಂತ್ರೆ ಅದರ ಬಲ ಸೊನ್ನೆ. ಮೂರನೇದು ಘರ್ಷಣೆ, ಯಾರೂ ಕರೀದೆ ಬಂದಿರೋದು, ಇದು ಎಲ್ಲಿ ನಿಂತ್ರೆ ಅಲ್ಲೇ ಹಿಡ್ಕೊಳತ್ತೆ. ಇಷ್ಟು ತಲೇಲಿಟ್ಕೊಂಡ್ರೆ ಅರ್ಧ ರೋಗ ಬಿಚ್ಚದೇನೇ ಗೊತ್ತಾಗತ್ತೆ. ಗಾಡಿ ಕೆಳಗೆ ಕೂತು ಅಲ್ಲೇ ಉಳಿದ್ರೆ ಆಯಿಲ್ ಕಾರಣ ಆಗೋಕೆ ಸಾಧ್ಯನೇ ಇಲ್ಲ, ಯಾಕಂದ್ರೆ ಎಷ್ಟೇ ಗಟ್ಟಿ ಆಯಿಲ್ ಇದ್ರೂ ನಿಧಾನಕ್ಕಾದ್ರೂ ಮೇಲೆ ಬರ್ಲೇಬೇಕು, ಉಳ್ಕೊಂಡಿದೆ ಅಂದ್ರೆ ಘರ್ಷಣೆ ಇಲ್ಲಾ ಸ್ಪ್ರಿಂಗ್. ನಿಧಾನವಾಗಿ ಎದ್ದು ಬಂದ್ರೆ ಆಯಿಲ್ ಗಟ್ಟಿ. ಎದ್ದು ಮತ್ತೆ ಇಳಿದು ಮತ್ತೆ ಎದ್ರೆ ಡ್ಯಾಂಪಿಂಗ್, ಅಂದ್ರೆ ಆಯಿಲ್ ಕೊಡೋ ತಡೆ, ಸಾಲ್ತಿಲ್ಲ. ಇದು ಆವತ್ತು ನನಗೆ ಹೊಳೆದಿದ್ರೆ ಎರಡು ವಾರ ಉಳೀತಿತ್ತು.

ಅದಕ್ಕೇ ನನ್ನ ಕ್ರಮ ಈಗ ಯಾವಾಗ್ಲೂ ಒಂದೇ, ಮೊದ್ಲು ಘರ್ಷಣೆ, ಆಮೇಲೆ ಶಾಕ್ ಒಳಗಿನ ಗಾಳಿ ಮತ್ತು ಲೀಕ್, ಆಮೇಲೆ ಸ್ಪ್ರಿಂಗ್, ಎಲ್ಲಾ ಸರಿ ಇದ್ರೆ ಕೊನೆಗೆ ಆಯಿಲ್.

ಘರ್ಷಣೆ ನೋಡೋದು ಬಹಳ ಸುಲಭ. ಗಾಡಿನ ಸ್ಟ್ಯಾಂಡ್ ಮೇಲಿಡಿ, ಚಕ್ರ ತೆಗೀರಿ, ಶಾಕ್‌ನ ಕೆಳಗಿನ ಸ್ಕ್ರೂ ಬಿಚ್ಚಿ ಶಾಕ್ ಪಕ್ಕಕ್ಕೆ ಸರಿಸಿ. ಈಗ ಆರ್ಮ್‌ನ ಮೇಲಕ್ಕೆತ್ತಿ ಬಿಡಿ. ತನ್ನ ತೂಕಕ್ಕೇ ಪಟ್ ಅಂತ ಕೆಳಗೆ ಬೀಳ್ಬೇಕು, ಮಧ್ಯ ನಿಲ್ಬಾರ್ದು, ಯೋಚ್ನೆ ಮಾಡ್ತಾ ಬರ್ಬಾರ್ದು. ಸ್ಟೀರಿಂಗ್ ಎಡಕ್ಕೆ ತಿರುಗ್ಸಿ ಒಂದ್ಸಲ, ಬಲಕ್ಕೆ ತಿರುಗ್ಸಿ ಒಂದ್ಸಲ ಇದೇ ಟೆಸ್ಟ್ ಮಾಡಿ, ಯಾಕಂದ್ರೆ ಕೆಲವು ಸಲ ನೇರ ಇದ್ದಾಗ ಏನೂ ಇರಲ್ಲ, ಪೂರ್ತಿ ತಿರುಗಿಸಿದಾಗ ಟೈ ರಾಡ್‌ನ (ಚಕ್ರ ತಿರುಗಿಸೋ ಕಡ್ಡಿ) ತುದಿ ಹಬ್‌ಗೆ (ಚಕ್ರ ಕೂರೋ ಭಾಗ) ತಾಗಿ ಸಿಕ್ಕಾಕ್ಕೊಳತ್ತೆ.

ಬೀಳ್ಲಿಲ್ಲ ಅಂದ್ರೆ ಒಂದೊಂದೇ ಕೊಂಡಿ ಬಿಡಿಸ್ತಾ ಹೋಗಿ. ಸ್ವೇ ಬಾರ್ (ಎಡ ಬಲ ಆರ್ಮ್ ಸೇರಿಸಿ ಗಾಡಿ ವಾಲೋದು ತಡೆಯೋ ತಂತಿ) ಇದ್ರೆ ಅದರ ಲಿಂಕ್ ಮೊದ್ಲು, ಆಮೇಲೆ ಕ್ಯಾಂಬರ್ ಲಿಂಕ್ (ಹಬ್‌ನ ಮೇಲ್ಭಾಗ ಹಿಡಿಯೋ ಕಡ್ಡಿ), ಆಮೇಲೆ ಡ್ರೈವ್‌ಶಾಫ್ಟ್ (ಚಕ್ರಕ್ಕೆ ಶಕ್ತಿ ಕೊಡೋ ಕಡ್ಡಿ). ಯಾವುದನ್ನ ಬಿಡಿಸಿದಾಗ ಆರ್ಮ್ ಸಲೀಸಾಗಿ ಬಿತ್ತೋ ಅದೇ ಕಳ್ಳ. ಎಲ್ಲಾ ಬಿಡಿಸಿದ್ಮೇಲೂ ಬಿಗಿ ಇದ್ರೆ ಹಿಂಜ್ ಪಿನ್ನೇ. ಪಿನ್ ಹೊರಗೆ ತೆಗೆದು ಗಾಜಿನ ಮೇಲೆ ಉರುಳಿಸಿ, ಬಗ್ಗಿದ್ರೆ ನೇರ ಮಾಡೋಕೆ ಹೋಗ್ಬೇಡಿ, ನೇರ ಆಯ್ತು ಅನ್ಸತ್ತೆ ಆಗಿರಲ್ಲ, ಹೊಸದು ಹಾಕಿ. ಪಿನ್ ನೇರ ಇದ್ದು ಆರ್ಮ್‌ನ ತೂತಲ್ಲಿ ಮಣ್ಣು ಕೂತಿದ್ರೆ ತೊಳೆದ್ರೆ ಸಾಕು, ಹೊಸ ಪ್ಲಾಸ್ಟಿಕ್ ಆರ್ಮ್ ಆದ್ರೆ ತೂತೇ ಸ್ವಲ್ಪ ಚಿಕ್ಕದಿರತ್ತೆ, ಸರಿಯಾದ ಸೈಜ್ ರೀಮರ್ (ತೂತನ್ನ ನಯವಾಗಿ ಹಿಗ್ಗಿಸೋ ಉಪಕರಣ) ಹಾಕಿ ಕೈಯಲ್ಲಿ ತಿರುಗಿಸಿದ್ರೆ ಸರಿ ಹೋಗತ್ತೆ. ಡ್ರಿಲ್ ಮೆಶಿನ್ ಹಾಕ್ಬೇಡಿ, ತೂತು ದೊಡ್ಡದಾಗಿ ಚಕ್ರ ಲಟಪಟ ಅನ್ನೋಕೆ ಶುರುವಾಗತ್ತೆ. ಇನ್ನು ಶಾಕ್‌ನ ಸ್ಕ್ರೂನ ಶಕ್ತಿಪ್ರದರ್ಶನ ಮಾಡೋ ಥರ ಟೈಟ್ ಮಾಡೋ ಅಭ್ಯಾಸ ಇರೋರು ಬಹಳ ಜನ, ಆರ್ಮ್ ಚಲಿಸಿದಾಗ ಶಾಕ್‌ನ ಎರಡೂ ತುದಿ ಸ್ವಲ್ಪ ತಿರುಗ್ಬೇಕು, ಪ್ಲಾಸ್ಟಿಕ್ ಹಿಂಡಿ ಹೋಗೋ ಹಾಗೆ ಬಿಗಿ ಮಾಡಿದ್ರೆ ಶಾಫ್ಟ್ (ಶಾಕ್ ಒಳಗೆ ಹೊರಗೆ ಓಡೋ ಕಡ್ಡಿ) ಪಕ್ಕಕ್ಕೆ ಒತ್ತಿ ಸೀಲ್ ತಿನ್ನತ್ತೆ.

ಒಂದು ಮಾತು, ಬಿಗಿ ಇದೆ ಅಂತ ಹಿಂಜ್ ಪಿನ್‌ಗೆ ಗ್ರೀಸ್ ಸುರೀಬೇಡಿ. ಹಾಕಿದ ದಿನ ಬೆಣ್ಣೆ ಥರ ಓಡತ್ತೆ, ಎರಡು ಸಲ ಮಣ್ಣಲ್ಲಿ ಓಡಿಸಿದ್ರೆ ಅದೇ ಗ್ರೀಸ್ ಮರಳು ಸೇರಿ ಉಜ್ಜೋ ಪೇಸ್ಟ್ ಆಗತ್ತೆ.

ಆರ್ಮ್ ಕ್ಲೀನ್ ಚಿಟ್ ತಗೊಂಡ್ರೆ ಈಗ ಶಾಕ್‌ಗೆ ಬನ್ನಿ. ಪೂರ್ತಿ ಬಿಚ್ಚೋ ಅಗತ್ಯ ಇನ್ನೂ ಇಲ್ಲ, ಸ್ಪ್ರಿಂಗ್ ಮಾತ್ರ ತೆಗೆದು ಶಾಕ್ ಕೈಯಲ್ಲಿ ಹಿಡಿದು ಶಾಫ್ಟ್ ನಿಧಾನಕ್ಕೆ ಒತ್ತಿ, ನಿಧಾನಕ್ಕೆ ಎಳೀರಿ. ಕಣ್ಣು ಮುಚ್ಕೊಂಡು ಮಾಡಿದ್ರೆ ಇನ್ನೂ ಒಳ್ಳೇದು, ತಮಾಷೆ ಅಲ್ಲ, ಬೆರಳಿಗೆ ಜಾಸ್ತಿ ಗೊತ್ತಾಗತ್ತೆ. ಉದ್ದಕ್ಕೂ ಒಂದೇ ಸಮ ಇದ್ರೆ ಆರೋಗ್ಯವಾಗಿದೆ. ಕರಕರ ಅಂದ್ರೆ ಸೀಲ್‌ನಲ್ಲಿ ಮರಳು ಇಲ್ಲಾ ಶಾಫ್ಟ್ ಮೇಲೆ ಗೀರು. ಒಂದೇ ಜಾಗದಲ್ಲಿ ಹಿಡಿದು ಬಿಟ್ರೆ ಶಾಫ್ಟ್ ಬಗ್ಗಿದೆ. ಮಧ್ಯದಲ್ಲಿ ಸ್ವಲ್ಪ ದೂರ ಏನೂ ತಡೆ ಇಲ್ದೆ ಖಾಲಿ ಖಾಲಿ ಹೋಗಿ ಆಮೇಲೆ ಹಿಡಿದ್ರೆ, ಜೊತೆಗೆ ಪಿಚಕ್ ಪಿಚಕ್ ಅಂತ ಸದ್ದು ಬಂದ್ರೆ ಒಳಗೆ ಗಾಳಿ. ಎಲ್ಲೂ ತಡೆನೇ ಇಲ್ಲ ಅಂದ್ರೆ ಒಂದೋ ಆಯಿಲ್ ಎಲ್ಲಾ ಸೋರಿದೆ, ಇಲ್ಲಾ ಪಿಸ್ಟನ್ (ಶಾಫ್ಟ್ ತುದಿಯ ತೂತಿರೋ ಬಿಲ್ಲೆ) ಹಿಡ್ಕೊಂಡಿರೋ ಇ-ಕ್ಲಿಪ್ ಅನ್ನೋ ಪುಟ್ಟ ಲಾಕ್ ಕಳಚಿ ಬಿದ್ದಿದೆ. ಇ-ಕ್ಲಿಪ್ ಹೋಗಿರೋದು ನೋಡಿ ತುಂಬಾ ಮೋಸ ಮಾಡತ್ತೆ, ಹೊರಗಿಂದ ಶಾಕ್ ಒಣಗಿರತ್ತೆ, ಲೀಕ್ ಇಲ್ಲ, ಆದ್ರೂ ಡ್ಯಾಂಪಿಂಗ್ ಮಾಯ. ಇನ್ನೊಂದು ಕೇಸ್, ಮುಕ್ಕಾಲು ದೂರ ಹೋಗಿ ಗೋಡೆಗೆ ಗುದ್ದಿದ ಹಾಗೆ ನಿಂತ್ಬಿಡತ್ತೆ, ಅದು ಆಯಿಲ್ ಜಾಸ್ತಿ ತುಂಬಿದ ಶಾಕ್.

ಆಯಿಲ್ ಜಾಸ್ತಿ ಆದ್ರೆ ಯಾಕೆ ನಿಲ್ಲತ್ತೆ ಅನ್ನೋದು ಅರ್ಥ ಆದ್ರೆ ಬ್ಲಾಡರ್, ರೀಬೌಂಡ್ (ಒತ್ತಿದ ಶಾಫ್ಟ್ ತಾನಾಗೇ ವಾಪಸ್ ಬರೋದು), ಬ್ಲೀಡಿಂಗ್ (ಗಾಳಿ, ಹೆಚ್ಚಿನ ಆಯಿಲ್ ಹೊರಗೆ ಬಿಡೋದು) ಎಲ್ಲಾ ಒಂದೇ ಏಟಿಗೆ ಅರ್ಥ ಆಗತ್ತೆ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಶಾಫ್ಟ್ ಒಳಗೆ ಹೋದಾಗ ಪಿಸ್ಟನ್ ಆಯಿಲ್ ಒಳಗೆ ಚಲಿಸತ್ತೆ, ಅದು ಸಮಸ್ಯೆ ಅಲ್ಲ, ಆಯಿಲ್ ಪಿಸ್ಟನ್‌ನ ತೂತಿಂದ ಆ ಕಡೆಯಿಂದ ಈ ಕಡೆ ಹೋಗತ್ತೆ. ಆದ್ರೆ ಶಾಫ್ಟ್‌ನ ಕಬ್ಬಿಣವೂ ಒಳಗೆ ಬಂತಲ್ಲ, ಅದಕ್ಕೂ ಜಾಗ ಬೇಕು. ಲೆಕ್ಕ ಹಾಕಿ, 3 ಎಂಎಂ ದಪ್ಪದ ಶಾಫ್ಟ್ 25 ಎಂಎಂ ಒಳಗೆ ಹೋದ್ರೆ ಸುಮಾರು 177 ಘನ ಎಂಎಂ, ಅಂದ್ರೆ 0.18 ಎಂಎಲ್. ಮೂರ್ನಾಲ್ಕು ಹನಿ ಅಷ್ಟೇ ಅನ್ಸತ್ತೆ. ಆದ್ರೆ ದ್ರವ ಹಿಂಡಿದ್ರೆ ಕುಗ್ಗಲ್ಲ, ಆ ಮೂರ್ನಾಲ್ಕು ಹನಿ ಎಲ್ಲಿಗೆ ಹೋಗ್ಬೇಕು? ಅದಕ್ಕೇ ಕ್ಯಾಪ್ ಕೆಳಗೆ ರಬ್ಬರ್ ಬ್ಲಾಡರ್ ಇರೋದು, ಅದರ ಹಿಂದೆ ಸ್ವಲ್ಪ ಗಾಳಿ ಇರತ್ತೆ, ಆಯಿಲ್ ರಬ್ಬರ್‌ನ ತಳ್ಳಿದಾಗ ಆ ಗಾಳಿ ಕುಗ್ಗಿ ಜಾಗ ಬಿಡತ್ತೆ. ಎಮಲ್ಶನ್ ಶಾಕ್ ಅಂದ್ರೆ ಬ್ಲಾಡರ್ ಇಲ್ದೆ ಗಾಳಿನ ಆಯಿಲ್ ಜೊತೆನೇ ಬಿಟ್ಟಿರ್ತಾರೆ, ಓಡ್ತಾ ಓಡ್ತಾ ಎರಡೂ ಮಿಕ್ಸ್ ಆಗಿ ನೊರೆ ನೊರೆ ಆಗತ್ತೆ, ಅದು ಡಿಸೈನೇ ಹಾಗೆ, ತೊಂದರೆ ಅಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ಒತ್ತಿದ್ರೆ ಗಾಳಿ ಮೇಲೆ ಸೇರಿ ಪಿಚಕ್ ಅನ್ನತ್ತೆ, ಹತ್ತು ಸಲ ಪಂಪ್ ಮಾಡಿದ್ರೆ ಸರಿ ಹೋಗತ್ತೆ. ನಿಮ್ಮದು ಯಾವ ಥರ ಅಂತ ತಿಳ್ಕೊಳ್ದೇನೇ ಗಾಳಿ ಇದೆ ಅಂತ ಗಾಬರಿ ಆಗ್ಬೇಡಿ.

ತುಂಬೋ ವಿಧಾನ ಹೀಗೆ. ಶಾಫ್ಟ್ ಪೂರ್ತಿ ಹೊರಗೆ ಎಳೆದು ಶಾಕ್ ನೆಟ್ಟಗೆ ನಿಲ್ಸಿ, ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ ಆಯಿಲ್ ಹಾಕಿ. ಪಿಸ್ಟನ್‌ನ ಆಯಿಲ್ ಮಟ್ಟ ಬಿಟ್ಟು ಮೇಲೆ ಬರದ ಹಾಗೆ ನಿಧಾನಕ್ಕೆ ಮೇಲೆ ಕೆಳಗೆ ಆಡಿಸ್ತಾ ಇದ್ರೆ ಪಿಸ್ಟನ್ ಅಡಿ ಸಿಕ್ಕಾಕ್ಕೊಂಡಿರೋ ಗುಳ್ಳೆ ಎಲ್ಲಾ ಮೇಲೆ ಬರತ್ತೆ. ಆಮೇಲೆ ಹಾಗೇ ಬಿಟ್ಟು ಹತ್ತು ನಿಮಿಷ ಬೇರೆ ಕೆಲಸ ನೋಡಿ, ಇಲ್ಲಿ ಆತುರ ಮಾಡಿದೋರೇ ಮತ್ತೆ ಬಿಚ್ಚೋದು. ಗುಳ್ಳೆ ಹೋದ್ಮೇಲೆ ಬಾಯಿ ತನಕ ಆಯಿಲ್ ತುಂಬಿ, ಬ್ಲಾಡರ್‌ನ ಒಂದು ಅಂಚಿಂದ ಓರೆಯಾಗಿ ಕೂರಿಸ್ತಾ ಬಂದ್ರೆ ಕೆಳಗೆ ಗಾಳಿ ಉಳಿಯಲ್ಲ. ಕ್ಯಾಪ್‌ನ ಎರಡು ಮೂರು ಸುತ್ತು ಮಾತ್ರ ಹಾಕಿ ಶಾಫ್ಟ್‌ನ ಒಳಗೆ ತಳ್ಳಿದ್ರೆ ಹೆಚ್ಚಿನ ಆಯಿಲ್ ಥ್ರೆಡ್ ಪಕ್ಕದಿಂದ ಸೋರಿ ಹೊರಗೆ ಬರತ್ತೆ, ಶಾಫ್ಟ್ ಅಲ್ಲೇ ಹಿಡ್ಕೊಂಡು ಕ್ಯಾಪ್ ಬಿಗಿ ಮಾಡಿ. ಎಷ್ಟು ಒಳಗೆ ತಳ್ಳಿ ಹಿಡಿದ್ರಿ ಅನ್ನೋದೇ ರೀಬೌಂಡ್ ನಿರ್ಧಾರ ಮಾಡೋದು. ಪೂರ್ತಿ ಒಳಗೆ ತಳ್ಳಿ ಮುಚ್ಚಿದ್ರೆ ಬಿಟ್ಟಾಗ ಶಾಫ್ಟ್ ತಾನಾಗೇ ಹೊರಗೆ ಬರಲ್ಲ, ಅರ್ಧ ಒಳಗಿದ್ದಾಗ ಮುಚ್ಚಿದ್ರೆ ಅರ್ಧಕ್ಕೆ ತಾನೇ ವಾಪಸ್ ಬರೋಕೆ ನೋಡತ್ತೆ. ಯಾವುದು ಸರಿ ಅಂತ ಜಗಳ ಆಡೋರು ಆಡ್ಲಿ, ನನ್ನ ಪ್ರಕಾರ ಮುಖ್ಯವಾದದ್ದು ಎಡ ಬಲ ಎರಡೂ ಒಂದೇ ಥರ ಇರೋದು. ಜೋಡಿ ಶಾಕ್‌ನ ತಲೆಗೆ ತಲೆ ತಾಗಿಸಿ, ಎರಡು ಕೈಯಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ಒತ್ತಿ ಬಿಡಿ. ಒಂದು ಮೊದ್ಲು ಒಳಗೆ ಹೋಯ್ತು ಇಲ್ಲಾ ಒಂದು ಲೇಟಾಗಿ ಬಂತು ಅಂದ್ರೆ ಮತ್ತೆ ತುಂಬಿ, ಬೇರೆ ದಾರಿ ಇಲ್ಲ.

ಲೀಕ್ ವಿಷಯ. ಶಾಫ್ಟ್ ಮೇಲೆ ತೆಳ್ಳಗೆ ಎಣ್ಣೆ ಪದರ ಇರೋದು ಸಹಜ, ಅದಿಲ್ದಿದ್ರೆ ಸೀಲ್ ಒಣಗಿ ಹರಿಯತ್ತೆ. ಧೂಳು ಅಂಟಿ ಕೆಸರಿನ ಉಂಗುರ ಆಗ್ತಿದ್ರೆ, ಸ್ಪ್ರಿಂಗ್ ಒದ್ದೆ ಆಗ್ತಿದ್ರೆ ಅದು ಲೀಕ್. ಮೇಲಿಂದ ಸೋರ್ತಿದ್ರೆ ಬ್ಲಾಡರ್ ಅಂಚು ಮಡಚಿಕೊಂಡಿದೆ ಇಲ್ಲಾ ಕ್ಯಾಪ್ ಅಡ್ಡ ಥ್ರೆಡ್ ಆಗಿದೆ, ಪ್ಲಾಸ್ಟಿಕ್ ಕ್ಯಾಪ್‌ನಲ್ಲಿ ಇದು ಜಾಸ್ತಿ. ಮೊದ್ಲು ಹಿಂದಕ್ಕೆ ತಿರುಗ್ಸಿ ಟಿಕ್ ಅಂತ ಕೂತ್ಮೇಲೆ ಮುಂದಕ್ಕೆ ತಿರುಗ್ಸಿದ್ರೆ ಅಡ್ಡ ಹೋಗಲ್ಲ. ಕೆಳಗಿಂದ ಸೋರ್ತಿದ್ರೆ ಸುಮ್ನೆ ಓ-ರಿಂಗ್ ಬದಲಾಯಿಸಿ ಕೂರ್ಬೇಡಿ, ಶಾಫ್ಟ್‌ನ ಉಗುರಿಂದ ಮೇಲಿಂದ ಕೆಳಕ್ಕೆ ಸವರಿ, ಉಗುರು ಎಲ್ಲಾದ್ರೂ ಕಚ್ಚಿದ್ರೆ ಅಲ್ಲಿ ಗೀರಿದೆ, ಆ ಗೀರು ಹೊಸ ಓ-ರಿಂಗ್‌ನೂ ಒಂದೇ ವಾರದಲ್ಲಿ ಕತ್ತರಿಸತ್ತೆ. ಈ ಗೀರು ಬಹಳ ಸಲ ಮಣ್ಣಿಂದ ಬಂದಿದ್ದಲ್ಲ, ರಾಡ್ ಎಂಡ್ (ಶಾಫ್ಟ್ ತುದಿಗೆ ತಿರುಗ್ಸಿ ಹಾಕೋ ಕೊಂಡಿ) ಬಿಚ್ಚೋವಾಗ ನಾವೇ ಇಕ್ಕಳದಲ್ಲಿ ಶಾಫ್ಟ್ ಕಚ್ಚಿಸಿ ಮಾಡಿದ್ದು. ದಪ್ಪ ರಬ್ಬರ್ ತುಂಡೋ ಚರ್ಮನೋ ಸುತ್ತಿ ಹಿಡೀರಿ, ಇಲ್ಲಾ ಶಾಫ್ಟ್ ಹಿಡಿಯೋಕೆ ಅಂತಾನೇ ಇರೋ ಇಕ್ಕಳ ತಗೊಳ್ಳಿ. ಇನ್ನು ತೊಳೆಯೋಕೆ ಅಂತ ಪೆಟ್ರೋಲಿಯಂ ಸ್ಪ್ರೇ ಹೊಡೆಯೋದು ಬಿಡಿ, ಕೆಲವು ಜಾತಿ ರಬ್ಬರ್ ಅದಕ್ಕೆ ಊದ್ಕೊಳತ್ತೆ, ಊದಿದ ಓ-ರಿಂಗ್ ಶಾಫ್ಟ್ ಹಿಡ್ಕೊಳತ್ತೆ, ಮತ್ತೆ ಘರ್ಷಣೆಗೇ ಬಂದ್ವಿ.

ಈಗ ಸ್ಪ್ರಿಂಗ್. ಇಲ್ಲಿ ಒಂದು ನಂಬಿಕೆ ಬೇರು ಬಿಟ್ಟಿದೆ, ಕಾಲರ್ ತಿರುಗ್ಸಿ ಪ್ರೀಲೋಡ್ ಜಾಸ್ತಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗತ್ತೆ ಅಂತ. ಆಗಲ್ಲ. ಗಾಡಿ ತೂಕ ಅಷ್ಟೇ ಇದೆ, ಆ ತೂಕ ಹೊರೋಕೆ ಸ್ಪ್ರಿಂಗ್ ಎಷ್ಟು ಕುಗ್ಗಬೇಕೋ ಅಷ್ಟೇ ಕುಗ್ಗತ್ತೆ, ಕಾಲರ್ ಕೆಳಗೆ ಬಂದಷ್ಟು ಗಾಡಿ ಮೇಲೇರತ್ತೆ, ಅಷ್ಟೇ. ಬೇಕಿದ್ರೆ ಸ್ಕೇಲ್ ಹಿಡಿದು ನೋಡಿ, ಪ್ರೀಲೋಡ್ ಮೊದ್ಲೂ ಆಮೇಲೂ ನಿಂತ ಗಾಡಿಯ ಸ್ಪ್ರಿಂಗ್ ಉದ್ದ ಹೆಚ್ಚೂ ಕಮ್ಮಿ ಒಂದೇ ಇರತ್ತೆ. ಗಟ್ಟಿ ಬೇಕಂದ್ರೆ ಗಟ್ಟಿ ಸ್ಪ್ರಿಂಗೇ ಹಾಕ್ಬೇಕು, ಇಲ್ಲಾ ಶಾಕ್ ಕೋನ ಬದಲಾಯಿಸ್ಬೇಕು. ಟವರ್ (ಶಾಕ್‌ನ ಮೇಲ್ತುದಿ ಕೂರೋ ಪಟ್ಟಿ) ಮೇಲೆ ಹೊರಗಿನ ತೂತಿಗೆ ಹಾಕಿದ್ರೆ ಶಾಕ್ ನೆಟ್ಟಗಾಗಿ ಗಟ್ಟಿ ಅನ್ಸತ್ತೆ, ಒಳಗಿನ ತೂತಿಗೆ ಹಾಕಿದ್ರೆ ಮಲಗಿ ಮೆತ್ತಗಾಗತ್ತೆ. ಕೆಳಗೆ ಆರ್ಮ್ ಮೇಲೆ ಹೊರಗಡೆ ತೂತು ಗಟ್ಟಿ, ಒಳಗಡೆ ಮೆತ್ತಗೆ.

ರೈಡ್ ಹೈಟ್, ಅಂದ್ರೆ ನಿಂತ ಗಾಡಿ ನೆಲದಿಂದ ಎಷ್ಟು ಎತ್ತರ ಇದೆ ಅನ್ನೋದು, ನೋಡೋವಾಗ ಬ್ಯಾಟರಿ ಒಳಗಿರ್ಲಿ, ಬಾಡಿನೂ ಇರ್ಲಿ, ಖಾಲಿ ಗಾಡಿ ಅಳೆದು ಏನೂ ಉಪಯೋಗ ಇಲ್ಲ. ಒಂದು 15 ಸೆಂಟಿಮೀಟರ್ ಎತ್ತರದಿಂದ ಸಮವಾಗಿ ಬಿಡಿ, ತಾನಾಗೇ ಎಲ್ಲಿ ನಿಲ್ಲತ್ತೋ ಅದು ನಿಜವಾದ ಎತ್ತರ. ಹೆಚ್ಚಿನ ಟ್ರಕ್‌ಗೆ ಆರ್ಮ್ ನೆಲಕ್ಕೆ ಸಮಾನಾಂತರ ಇಲ್ಲಾ ಒಂಚೂರು ಕೆಳಮುಖ ಇದ್ರೆ ಶುರು ಮಾಡೋಕೆ ಒಳ್ಳೆ ಜಾಗ. ಮುಂದೆ ಒಂದು ಮೂಲೆ ಮಾತ್ರ ತಗ್ಗಿದ್ರೆ ಹಿಂಭಾಗನ ಸರಿಯಾಗಿ ಮಧ್ಯದಲ್ಲಿ ಒಂದು ಸ್ಕ್ರೂಡ್ರೈವರ್ ತುದಿಯಿಂದ ಮೇಲಕ್ಕೆತ್ತಿ, ಹಿಂದಿನ ಎರಡೂ ಚಕ್ರ ಒಟ್ಟಿಗೆ ನೆಲ ಬಿಡ್ಬೇಕು. ಒಂದು ಲೇಟಾಗಿ ಬಿಟ್ರೆ ಎಡ ಬಲ ಭಾರ ಸಮ ಇಲ್ಲ. ಆಗ ಸ್ಪ್ರಿಂಗ್‌ಗಳನ್ನ ತೆಗೆದು ಪಕ್ಕ ಪಕ್ಕ ನಿಲ್ಸಿ ನೋಡಿ, ಹಳೇದು ಕುಸಿದು ಮೋಟಾಗಿರೋದು ಕಣ್ಣಿಗೇ ಕಾಣತ್ತೆ. ಹಿಂದಿನ ಸ್ಪ್ರಿಂಗ್ ಮುಂದೆ ಹಾಕ್ಕೊಂಡು ಒದ್ದಾಡೋರೂ ಇದ್ದಾರೆ, ನಗ್ಬೇಡಿ, ರಾತ್ರಿ ಹನ್ನೊಂದಕ್ಕೆ ಜೋಡಿಸೋಕೆ ಕೂತ್ರೆ ನೀವೂ ಮಾಡ್ತೀರ.

ಶಾಕ್ ಉದ್ದನೂ ಅಳೀರಿ. ರಾಡ್ ಎಂಡ್ ಒಂದರಲ್ಲಿ ಎರಡು ಸುತ್ತು ಜಾಸ್ತಿ ಒಳಗೆ ಹೋಗಿದ್ರೂ ಡ್ರೂಪ್ (ಚಕ್ರ ಎಷ್ಟು ಕೆಳಗೆ ನೇತಾಡತ್ತೆ ಅನ್ನೋದು) ಎಡ ಬಲ ಬೇರೆ ಆಗಿ ಜಂಪ್‌ನಲ್ಲಿ ಗಾಡಿ ಓರೆ ಬೀಳತ್ತೆ. ಡ್ರೂಪ್ ಅತಿ ಆದ್ರೆ ಇನ್ನೊಂದು ತಲೆನೋವು, ಚಕ್ರ ಪೂರ್ತಿ ಕೆಳಗೆ ನೇತಾಡಿದಾಗ ಡ್ರೈವ್‌ಶಾಫ್ಟ್ ಕೋನ ಜಾಸ್ತಿಯಾಗಿ ಕಟಕಟ ಅನ್ನತ್ತೆ, ಡಾಗ್‌ಬೋನ್ (ಎರಡೂ ತುದಿ ಕಪ್‌ನಲ್ಲಿ ಸಡಿಲವಾಗಿ ಕೂರೋ ಥರದ ಡ್ರೈವ್‌ಶಾಫ್ಟ್) ಆದ್ರೆ ಕಪ್‌ನಿಂದ ಆಚೆನೇ ಬಂದು ಬೀಳತ್ತೆ. ಶಾಕ್ ಒಳಗೆ ಪಿಸ್ಟನ್ ಕೆಳಗಡೆ ಸಣ್ಣ ಸ್ಪೇಸರ್ ಹಾಕಿದ್ರೆ ಶಾಫ್ಟ್ ಹೊರಗೆ ಬರೋದು ಕಡಿಮೆ ಆಗತ್ತೆ.

ಇಷ್ಟೆಲ್ಲಾ ಮುಗಿದ್ಮೇಲೂ ಗಾಡಿ ಸರಿ ಇಲ್ಲ ಅಂದ್ರೆ ಈಗ ಆಯಿಲ್ ಬಾಟಲಿ ತೆಗೀರಿ. ಬಾಟಲಿ ಮೇಲಿನ ವೇಟ್ ನಂಬರ್ ಎಲ್ಲಾ ಕಂಪನಿದು ಒಂದೇ ಅಲ್ಲ, ಅಸೋಸಿಯೇಟೆಡ್‌ನ 30 ವೇಟ್ ಅಂದ್ರೆ 350 ಸಿಎಸ್‌ಟಿ (ಸೆಂಟಿಸ್ಟೋಕ್, ದ್ರವ ಎಷ್ಟು ಮಂದ ಅಂತ ಅಳೆಯೋ ಮಾನ), ಲೋಸಿಯ 30 ವೇಟ್ ಮೇಲೆ 338 ಅಂತ ಇರತ್ತೆ, ಟಮಿಯಾ ಥರದವರು ವೇಟ್ ಗೊಡವೆನೇ ಇಲ್ದೆ 400, 500 ಅಂತ ನಂಬರ್ ಹಾಕ್ತಾರೆ. ಹೋಲಿಸ್ಬೇಕಂದ್ರೆ ಸಿಎಸ್‌ಟಿ ನೋಡಿ, ಇಲ್ಲಾ ಒಂದೇ ಕಂಪನಿಗೆ ಅಂಟ್ಕೊಳ್ಳಿ. ಬಿಸಿಲಲ್ಲಿ ಆಯಿಲ್ ತೆಳ್ಳಗಾಗತ್ತೆ, ಚಳಿಯಲ್ಲಿ ಮಂದ ಆಗತ್ತೆ, ಬೆಳಿಗ್ಗೆ ಚೆನ್ನಾಗಿದ್ದ ಗಾಡಿ ಮಧ್ಯಾಹ್ನ ಪುಟಿಯೋಕೆ ಶುರು ಮಾಡಿದ್ರೆ ಅದು ನಿಮ್ಮ ಭ್ರಮೆ ಅಲ್ಲ.

ಆಯಿಲ್ ಜೊತೆ ಪಿಸ್ಟನ್ ತೂತನ್ನೂ ಲೆಕ್ಕಕ್ಕೆ ತಗೊಳ್ಬೇಕು. 1.2 ಎಂಎಂ ತೂತಿಂದ 1.4ಕ್ಕೆ ಹೋದ್ರೆ ಸಣ್ಣ ಬದಲಾವಣೆ ಅನ್ಸತ್ತೆ, ಆದ್ರೆ ತೂತಿನ ವಿಸ್ತೀರ್ಣ 36 ಪರ್ಸೆಂಟ್ ಜಾಸ್ತಿ. ಇದರಲ್ಲಿ ಒಂದು ಸೂಕ್ಷ್ಮ ಇದೆ, ಚಿಕ್ಕ ತೂತು ತೆಳ್ಳನೆ ಆಯಿಲ್, ದೊಡ್ಡ ತೂತು ಮಂದ ಆಯಿಲ್, ಎರಡನ್ನೂ ಕೈಯಲ್ಲಿ ಒತ್ತಿದ್ರೆ ಒಂದೇ ಥರ ಅನ್ಸೋ ಹಾಗೆ ಮಾಡ್ಬಹುದು. ಆದ್ರೆ ದೊಡ್ಡ ಜಂಪ್ ಇಳಿದಾಗ ಶಾಫ್ಟ್ ವೇಗ ಕೈಗಿಂತ ಎಷ್ಟೋ ಪಟ್ಟು, ಆಗ ಚಿಕ್ಕ ತೂತಿಂದ ಅಷ್ಟು ಆಯಿಲ್ ಒಟ್ಟಿಗೆ ನುಗ್ಗೋಕೆ ಆಗದೆ ಶಾಕ್ ಕ್ಷಣಕಾಲ ಲಾಕ್ ಆದ ಹಾಗೆ ಆಗತ್ತೆ, ಇದಕ್ಕೇ ಪ್ಯಾಕ್ ಆಗೋದು ಅನ್ನೋದು. ಸಣ್ಣ ಸಣ್ಣ ಉಬ್ಬಿನ ಮೇಲೆ ಗಾಡಿ ಗಟ್ಟಿಯಾಗಿ ಒದ್ದು ಹಾರ್ತಿದ್ರೆ ಪ್ಯಾಕ್ ಜಾಸ್ತಿ, ಜಂಪ್ ಇಳಿದಾಗ ಹೊಟ್ಟೆ ನೆಲಕ್ಕೆ ಡಬ್ ಅಂತ ಹೊಡೀತಿದ್ರೆ ಕಡಿಮೆ, ಇಷ್ಟು ಮನಸಲ್ಲಿಟ್ಕೊಂಡು ಒಂದು ಸಲಕ್ಕೆ 5 ವೇಟ್ ಮಾತ್ರ ಬದಲಾಯಿಸಿ, ಸ್ಪ್ರಿಂಗ್ ಆಯಿಲ್ ಎರಡೂ ಒಟ್ಟಿಗೆ ಮುಟ್ಬೇಡಿ. ಜಂಪ್ ಅಂಚು ಬಿಟ್ಟ ಕೂಡಲೇ ಹಿಂಭಾಗ ಮೇಲಕ್ಕೆ ಒದ್ರೆ ಹಿಂದಿನ ಶಾಕ್ ಬೇಗ ಬಿಚ್ಕೊಳ್ತಿದೆ, ಅಲ್ಲಿ ಸ್ವಲ್ಪ ಮಂದ ಆಯಿಲ್ ಬೇಕು. ಹಾಗಂತ ಗಾಳಿಯಲ್ಲಿ ಮೂತಿ ಕೆಳಗೆ ಹೋಗೋದೆಲ್ಲಾ ಶಾಕ್ ತಪ್ಪಲ್ಲ, ನೀವು ಬ್ರೇಕ್ ಒತ್ತಿದ್ರೆ ಮೂತಿ ಇಳಿಯತ್ತೆ, ಥ್ರಾಟಲ್ ಕೊಟ್ರೆ ಏರತ್ತೆ, ಮೊದ್ಲು ಬೆರಳನ್ನ ವಿಚಾರಿಸಿ. ವೇಗದಲ್ಲಿ ಚಕ್ರ ಗಡಗಡ ಅಂದ್ರೆ ಅದೂ ಶಾಕ್ ಅಲ್ಲ, ವೀಲ್ ಹೆಕ್ಸ್ (ಚಕ್ರ ಹಿಡಿಯೋ ಆರು ಮೂಲೆಯ ತುಂಡು), ಬೇರಿಂಗ್, ಟೈರ್ ಬ್ಯಾಲೆನ್ಸ್ ನೋಡಿ.

ನನ್ನ ಟ್ರಕ್ ವಿಷಯಕ್ಕೆ ಬಂದ್ರೆ, ಹೊಸ ಪಿನ್ ಹಾಕಿ ಆರ್ಮ್ ಬಿಟ್ಟೆ, ಪಟ್ ಅಂತ ಬಿತ್ತು. ಖುಷಿಯಾಗಿ ಓಡಿಸಿದ್ರೆ ಮುಂದಿನ ಬಲ ಮೂಲೆ ಈಗ ಎಲ್ಲರಿಗಿಂತ ಎತ್ತರ, ನಾನೇ ಕೊಟ್ಟಿದ್ದ ಪ್ರೀಲೋಡ್ ಹಾಗೇ ಇತ್ತಲ್ಲ, ಇಡೀ ಗಾಡಿ 20 ವೇಟ್ ಆಯಿಲ್‌ನಲ್ಲಿ ಚೆಂಡಿನ ಥರ ಪುಟೀತಿತ್ತು. ಕಾಲರ್ ಹಿಂದಕ್ಕೆ ತಿರುಗ್ಸಿ, ನಾಲ್ಕೂ ಶಾಕ್ ಮೂರನೇ ಸಲ ಬಿಚ್ಚಿ, ಮತ್ತೆ ಅದೇ 30 ವೇಟ್ ತುಂಬ್ದೆ.